ನ್ಯೂರಲ್ ಕ್ರೆಸ್ಟ್ ಬಿತ್ತಿದ್ದೆ, ತಟ್ಟೆ ತುಂಬ ಮಿದುಳಿನ ಹೂ ಎದ್ದಿದೆ: ಎಲ್ಲಿ ತಪ್ಪಿತು?

ಬದಿಯಡ್ಕ ಬಸ್ಸು

ಕಾಸರಗೋಡಿನ ಕನ್ನಡದವರ ಈ ಗುಂಪಿನಲ್ಲಿ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ಯಾವಾಗ ಹೊಡೆಯುವುದು, ಪಿಎಸ್‌ಸಿಯಲ್ಲಿ ಕನ್ನಡದವರ ಗತಿ ಎಂತ ಎಂಬ ಮಾತೇ ಜಾಸ್ತಿ. ನನ್ನದು ಬೇರೆಯೇ ತರದ ತಲೆಬಿಸಿ. ಲ್ಯಾಬಿನಲ್ಲಿ ಇಂಗ್ಲಿಷಿನಲ್ಲಿ ಹೇಳಿ ಹೇಳಿ ಬಾಯಿಪಾಠ ಆಗಿದೆ, ತಲೆಗೆ ಮಾತ್ರ ಇಳಿಯುತ್ತಿಲ್ಲ. ಕನ್ನಡದಲ್ಲಿ ಬರೆದರೆ ಎಲ್ಲಿ ಸಿಕ್ಕಿಕೊಂಡಿದ್ದೇನೆ ಅಂತ ನನಗೇ ಕಂಡೀತು ಎಂದು ಇಲ್ಲಿ ಹಾಕುತ್ತಿದ್ದೇನೆ.

ನಾನು ಗಡಿಯ ಆಚೆ ಒಂದು ಲ್ಯಾಬಿನಲ್ಲಿ ಪ್ರಾಜೆಕ್ಟ್ ಅಸಿಸ್ಟೆಂಟ್. ದಿನಾ ಕುಂಬಳೆಗೆ ಬಸ್ಸು, ಅಲ್ಲಿಂದ ಮಂಗಳೂರಿಗೆ ರೈಲು. ಕೆಲಸ ಏನೆಂದರೆ ಮನುಷ್ಯರ ಐಪಿಎಸ್ ಕೋಶಗಳಿಂದ ನ್ಯೂರಲ್ ಕ್ರೆಸ್ಟ್ ಪ್ರೊಜೆನಿಟರ್ ಕೋಶಗಳನ್ನು (ಮುಂದೆ ಬೇರೆ ಬೇರೆ ತರದ ಕೋಶ ಆಗಬಲ್ಲ ಮೂಲ ಕೋಶಗಳನ್ನು) ತಯಾರು ಮಾಡಿ, ಬೆಳೆಸಿ, ಫ್ರೀಜ್ ಮಾಡಿ ಇಡುವುದು. ಐಪಿಎಸ್ ಎಂದರೆ ಪೊಲೀಸ್ ಅಲ್ಲ. ದೊಡ್ಡವರ ಚರ್ಮದ್ದೋ ರಕ್ತದ್ದೋ ಕೋಶವನ್ನು ಹಿಂದಕ್ಕೆ ತಿರುಗಿಸಿ ಭ್ರೂಣದ ಕಾಲದ ಸ್ಥಿತಿಗೆ ತಂದದ್ದು. ಯಮನಾಕಾ 2006ರಲ್ಲಿ ಇಲಿಯ ಕೋಶದಲ್ಲಿ, 2007ರಲ್ಲಿ ಮನುಷ್ಯರದ್ದರಲ್ಲಿ ಮಾಡಿ ತೋರಿಸಿದರಲ್ಲ, ಅದು.

ವಿಧಾನ ಕಾಗದದ ಮೇಲೆ ಭಾರೀ ಸುಲಭ. ಎರಡು ಔಷಧಿ. ಎಸ್‌ಬಿ431542 ಹಾಕಿ ಟಿಜಿಎಫ್-ಬೀಟಾ ಕಡೆಯಿಂದ ಕೋಶಕ್ಕೆ ಬರುವ ಸಂಕೇತ ಮುಚ್ಚುವುದು. ಚಿರ್99021 ಹಾಕಿ ಜಿಎಸ್‌ಕೆ3 ಕಿಣ್ವವನ್ನು ತಡೆದು ವಿಂಟ್ ಸಂಕೇತ ತೆರೆಯುವುದು. ವಾರದೊಳಗೆ ಕ್ರೆಸ್ಟಿನ ಗುರುತಾದ ಸಾಕ್ಸ್10 ಪ್ರೋಟೀನು ಇರುವ ಕೋಶಗಳು ಬರಬೇಕು. ನನಗೆ ಎಂಟನೇ ದಿನಕ್ಕೆ ಕಾಣುವುದು ರೋಸೆಟ್: ಮಧ್ಯದಲ್ಲಿ ಕಣ್ಣಿಟ್ಟು ಸುತ್ತ ಎಸಳು ಜೋಡಿಸಿದ ಹೂವಿನ ಹಾಗೆ. ಬಣ್ಣ ಹಾಕಿ ನೋಡಿದರೆ ಪ್ಯಾಕ್ಸ್6. ಅಂದರೆ ಮಿದುಳಿನ ಕಡೆಗೆ ಹೊರಟ ಕೋಶ. ಸಾಕ್ಸ್10 ನೂರರಲ್ಲಿ ಹತ್ತೂ ಇಲ್ಲ. ಮೂರು ಸಲ ಮಾಡಿದೆ, ಮೂರು ಸಲವೂ ಅದೇ. ಚಿರ್ ಹೊಸ ಬಾಟಲಿ ತರಿಸಿದೆ, ತಟ್ಟೆಗೆ ಹಚ್ಚುವ ಅಂಟು, ಮ್ಯಾಟ್ರಿಜೆಲ್, ಬದಲಾಯಿಸಿದೆ, ಸಪ್ಲಿಮೆಂಟಿನ ತಾರೀಕು ನೋಡಿದೆ. ಗೈಡ್ ಇವತ್ತು "ನಿನ್ನ ಕೈಗುಣ" ಅಂದರು. ಅದಕ್ಕೆ ಈ ಪೋಸ್ಟು.

ಅಡಿಕೆಸುಲಿ

ತಂಗೀ, ಕೊಳೆರೋಗದ ಮಾತು ಬಂತಲ್ಲ ಎಂದು ಓದಲು ಕೂತೆ, ಎರಡನೇ ಪ್ಯಾರಾದಲ್ಲಿ ಜಾರಿ ಬಿದ್ದೆ. ಈ ಕ್ರೆಸ್ಟ್ ಎಂದರೆ ಎಂತದು? ಶರೀರದಲ್ಲಿ ಎಲ್ಲಿ ಉಂಟು?

ಪೆರ್ಲದ ಮಾಷ್ಟ್ರು

ಈಗ ನಮ್ಮ ಶರೀರದಲ್ಲಿ ಎಲ್ಲಿಯೂ ಇಲ್ಲ, ಅದೇ ಅದರ ವಿಶೇಷ. ಗರ್ಭದಲ್ಲಿ ಮೂರು ನಾಲ್ಕನೇ ವಾರದಲ್ಲಿ ಸ್ವಲ್ಪ ಕಾಲ ಕಾಣಿಸಿಕೊಂಡು ಚದುರಿ ಹೋಗುತ್ತದೆ. ಎಷ್ಟೋ ತಾಯಂದಿರಿಗೆ ಆಗ ಬಸುರಿ ಎಂದೇ ಗೊತ್ತಿರುವುದಿಲ್ಲ.

ಗದ್ದೆ ಇದ್ದವರಿಗೆ ಸುಲಭ. ಭ್ರೂಣದ ಬೆನ್ನಿನ ಮೇಲೆ ಎರಡು ಗದ್ದೆ ಎಂದು ಇಟ್ಟುಕೊಳ್ಳಿ. ನಡುವಿನದ್ದು ಮುಂದೆ ಮಿದುಳು, ಬೆನ್ನುಹುರಿ ಆಗುವ ಗದ್ದೆ. ಆಚೀಚೆಯದ್ದು ಚರ್ಮ ಆಗುವ ಗದ್ದೆ. ಎರಡರ ಮಧ್ಯೆ ಹುಣಿ ಇರುತ್ತದಲ್ಲ, ತುಳುವಿನಲ್ಲಿ ಪುಣಿ ಎನ್ನುತ್ತೇವೆ, ಆ ಹುಣಿಯ ಕೋಶಗಳೇ ನ್ಯೂರಲ್ ಕ್ರೆಸ್ಟ್. ನಡುಗದ್ದೆ ಮಡಚಿ ಕೊಳವೆ ಆಗುವಾಗ ಎರಡು ಕಡೆಯ ಹುಣಿ ಮೇಲೆದ್ದು ಬೆನ್ನಿನ ಗೆರೆಯಲ್ಲಿ ಒಂದಕ್ಕೊಂದು ಕೂಡುತ್ತವೆ. ಆಮೇಲೆ ಅಲ್ಲಿಯ ಕೋಶಗಳು ಪಕ್ಕದವರ ಕೈ ಬಿಟ್ಟು ಒಂದೊಂದಾಗಿ ಹೊರಟುಬಿಡುತ್ತವೆ.

ಎಲ್ಲಿಗೆ ಹೋಗುತ್ತವೆ ಕೇಳಿ. ಮುಖದ ಎಲುಬು ಮತ್ತು ಮೃದ್ವಸ್ಥಿಯ ಬಹುಭಾಗ, ಹಲ್ಲಿನ ಒಳಪದರ ಕಟ್ಟುವ ಕೋಶ, ಚರ್ಮಕ್ಕೆ ಬಣ್ಣ ಕೊಡುವ ಮೆಲನೋಸೈಟ್, ಕರುಳಿನ ಗೋಡೆಯೊಳಗಿನ ನರಜಾಲ, ನರಗಳಿಗೆ ಹೊದಿಕೆ ಹಾಕುವ ಶ್ವಾನ್ ಕೋಶ, ಅಡ್ರಿನಲ್ ಗ್ರಂಥಿಯ ತಿರುಳು. ಎಲ್ಲ ಈ ಹುಣಿಯಿಂದ ಹೊರಟವರ ಮಕ್ಕಳು. ಅದಕ್ಕೇ ಭ್ರೂಣದ ಮೂರು ಪದರಗಳ ಜೊತೆ ಇದನ್ನು ನಾಲ್ಕನೆಯ ಪದರ ಎಂದು ಕರೆಯಬೇಕು ಎನ್ನುವವರೂ ಇದ್ದಾರೆ.

1868ರಲ್ಲಿ ವಿಲ್ಹೆಲ್ಮ್ ಹಿಸ್ ಎಂಬವರು ಕೋಳಿಯ ಭ್ರೂಣದಲ್ಲಿ ಇದನ್ನು ಮೊದಲು ಗುರುತಿಸಿದಾಗ ಇಟ್ಟ ಜರ್ಮನ್ ಹೆಸರಿನ ಅರ್ಥ "ನಡುವಿನ ಹುರಿ" ಎಂದು. ಕ್ರೆಸ್ಟ್, ಅಂದರೆ ಶಿಖೆ, ಜುಟ್ಟು ಎಂಬ ಹೆಸರು ಬಂದದ್ದು ಆಮೇಲೆ. ಪುಸ್ತಕದ ಕನ್ನಡದಲ್ಲಿ ನರಶಿಖೆ ಎನ್ನಬಹುದು. ಆದರೆ ನನ್ನ ಮನಸ್ಸು ಹುಣಿಯ ಕಡೆಗೇ. ಹಿಸ್ ಅವರ ಹೆಸರಿಗೂ ಅದೇ ಹತ್ತಿರ.

ಅಡಿಕೆಸುಲಿ

ಅಂದರೆ ಬಿಸಿಲಿಗೆ ಬಿದ್ದ ಅಡಿಕೆ ಹಾಳೆ ಎರಡೂ ಬದಿಯಿಂದ ಮುರುಟಿ ಒಳಗೆ ಬರುತ್ತದಲ್ಲ, ಹಾಗೆಯಾ? ಅಂಚು ಅಂಚಿಗೆ ತಾಗುವಲ್ಲಿ ಈ ಕ್ರೆಸ್ಟು?

ಪೆರ್ಲದ ಮಾಷ್ಟ್ರು

ಅದೇ. ಮೂವತ್ತು ವರ್ಷ ಪಾಠ ಮಾಡಿದ ನನಗೆ ಹಾಳೆ ನೆನಪಾಗಲಿಲ್ಲ ನೋಡಿ.

ಬೊಂಡ

ಹುಣಿಯಿಂದ ಹೊರಟು, ಪಕ್ಕದವರ ಕೈ ಬಿಟ್ಟು, ದೂರದೂರಿಗೆ ಹೋಗಿ, ಹೋದ ಊರಿನಲ್ಲಿ ಸಿಕ್ಕಿದ ಕೆಲಸ ಹಿಡಿಯುವವರು. ಮಾಷ್ಟ್ರೇ, ಇದು ಭ್ರೂಣಶಾಸ್ತ್ರ ಅಲ್ಲ, ಗಲ್ಫಿಗೆ ಹೋದ ನಮ್ಮ ವಾರ್ಡಿನ ಮತದಾರರ ಪಟ್ಟಿ.

ನಾನು ತೆಂಗಿನ ಟಿಶ್ಯೂ ಕಲ್ಚರಿನಲ್ಲಿ ಕೈ ಸವೆಸಿದವ. ತೆಂಗಿನ ಮೇಲೆ 1916ರಿಂದ ಸಂಶೋಧನೆ ನಡೆಯುವ ಊರು ನಮ್ಮದು, ಆದರೂ ಗಾಜಿನಲ್ಲಿ ಬೆಳೆಸಲಿಕ್ಕೆ ತೆಂಗಿನಷ್ಟು ಹಟಮಾರಿ ಗಿಡ ಇನ್ನೊಂದಿಲ್ಲ. ತಮಾಷೆ ಏನೆಂದರೆ 1941ರಲ್ಲಿ ವಾನ್ ಓವರ್‌ಬೀಕ್ ಮತ್ತು ಜೊತೆಯವರು ದತ್ತೂರದ ಎಳೇ ಭ್ರೂಣಗಳನ್ನು ಗಾಜಿನಲ್ಲಿ ಬೆಳೆಸಿದ್ದು ತೆಂಗಿನಕಾಯಿಯ ನೀರು ಹಾಕಿ. ಬೇರೆ ಗಿಡಕ್ಕೆಲ್ಲ ಹಾಲು ಕೊಡುವ ತಾಯಿ, ತನ್ನ ಮಗುವನ್ನು ಮಾತ್ರ ಲ್ಯಾಬಿಗೆ ಬಿಟ್ಟುಕೊಡುವುದಿಲ್ಲ.

ತಂಗೀ, ನಿನ್ನ ಪ್ರಾಣಿಕೋಶ ನನಗೆ ಗೊತ್ತಿಲ್ಲ. ಆದರೆ ಒಂದು ಕಂಡಿತು. ಔಷಧಿ, ಅಂಟು, ತಾರೀಕು ಎಲ್ಲ ಬರೆದಿದ್ದೀ. ಬೀಜದ ಬಗ್ಗೆ ಒಂದು ಗೆರೆ ಇಲ್ಲ. ಬಿತ್ತುವ ದಿನ ಆ ಐಪಿಎಸ್ ಹೇಗಿತ್ತು? ಎಷ್ಟು ಒತ್ತಾಗಿ ಬಿತ್ತಿದ್ದೀ?

ಪಯಸ್ವಿನಿ

ಬೊಂಡ ಅವರ ಪ್ರಶ್ನೆಯೇ ನನ್ನದೂ. ನಾನು ಈ ಕೋಶಗಳ ಜೊತೆ ಹತ್ತು ವರ್ಷ ಕಳೆದವಳು, ಊರು ಅಡೂರಿನ ಹತ್ತಿರ, ಈಗ ಬೆಂಗಳೂರು. ಮೊದಲು ಇಷ್ಟಕ್ಕೆ ಉತ್ತರ ಕೊಡಮ್ಮ:

ಬಿತ್ತುವಾಗ ಗುಂಪು ಗುಂಪಾಗಿಯೋ ಬಿಡಿ ಕೋಶವಾಗಿಯೋ? ಬಿಡಿಯಾದರೆ ಎಣಿಸಿದ್ದೀಯಾ? ಬಿಡಿ ಕೋಶ ಸಾಯದ ಹಾಗೆ ಕಾಯುವ ವೈ-27632 ಹಾಕಿದ್ದೀಯಾ? ಸಾಕ್ಸ್10 ಬಂದ ಆ ಸ್ವಲ್ಪ ಕೋಶಗಳು ತಟ್ಟೆಯಲ್ಲಿ ಎಲ್ಲಿದ್ದವು? ಕೊನೆಯದ್ದು: ಐಪಿಎಸ್‌ಗೆ ಭಾನುವಾರ ಯಾರು ಊಟ ಹಾಕುತ್ತಾರೆ?

ಬದಿಯಡ್ಕ ಬಸ್ಸು

ಅಕ್ಕಾ, ಕೊನೆಯ ಪ್ರಶ್ನೆ ಓದಿ ಹೊಟ್ಟೆ ಚುರ್ ಅಂತು.

ಭಾನುವಾರ ಯಾರೂ ಹಾಕುವುದಿಲ್ಲ. ಶನಿವಾರ ಸಂಜೆ ಇಮ್ಮಡಿ ಮೀಡಿಯಂ, ಅಂದರೆ ಕೋಶದ ಊಟದ ದ್ರವ, ಹಾಕಿ ರೈಲು ಹಿಡಿಯುತ್ತೇನೆ, ಸೋಮವಾರ ಬೆಳಿಗ್ಗೆ ಹೋಗಿ ಬದಲಿಸುತ್ತೇನೆ. ಮೂರು ಸಲವೂ ಬಿತ್ತಿದ್ದು ಸೋಮವಾರ ಅಥವಾ ಮಂಗಳವಾರ. ಸೋಮವಾರ ಮೀಡಿಯಂ ಹಳದಿ ತಿರುಗಿರುತ್ತದೆ, ಕಾಲನಿಗಳು ಒಂದಕ್ಕೊಂದು ತಾಗಿ ಮಧ್ಯದಲ್ಲಿ ದಪ್ಪವಾಗಿರುತ್ತವೆ. ಸಾಯಲಿಲ್ಲವಲ್ಲ, ಸಾಕು ಎಂದುಕೊಂಡಿದ್ದೆ.

ಬಿಡಿ ಮಾಡಿಯೇ ಬಿತ್ತಿದ್ದು, ಕೋಶ ಬಿಡಿಸುವ ಕಿಣ್ವ ಅಕ್ಯುಟೇಸ್ ಹಾಕಿ. ವೈ-27632 ಹಾಕಿದ್ದೇನೆ. ಎಣಿಸಿದ್ದು ಮೊದಲನೇ ಸಲ ಮಾತ್ರ. ಆಮೇಲೆ ಕಣ್ಣಂದಾಜು.

ಸಾಕ್ಸ್10 ಎಲ್ಲಿ ಬಂದಿದೆ ಎಂದು ಈಗ ಪಟ ತೆರೆದು ನೋಡಿದೆ. ಎಲ್ಲ ಬದಿಗಳಲ್ಲಿ! ಬಾವಿಯ (ತಟ್ಟೆಯಲ್ಲಿರುವ ಕುಳಿಗೆ ಹಾಗೆನ್ನುತ್ತೇವೆ) ಮಧ್ಯದಲ್ಲಿ ರೋಸೆಟ್ ಗುಪ್ಪೆ, ಅದರ ಅಂಚಿನಲ್ಲಿ ಸುತ್ತಲೂ ತೆಳ್ಳಗೆ ಒಂದು ಸಾಲು. ಮಾಷ್ಟ್ರೇ, ನಿಮ್ಮ ಹುಣಿ.

ಪಯಸ್ವಿನಿ

ಹಾಗಾದರೆ ಔಷಧಿ ಕೆಲಸ ಮಾಡುತ್ತಿದೆ, ಕೈಗುಣವೂ ಚೆನ್ನಾಗಿಯೇ ಇದೆ. ತಪ್ಪಿದ್ದು ಎರಡು ಕಡೆ, ಎರಡೂ ಔಷಧಿ ಹಾಕುವ ಮೊದಲು.

ಒಂದು, ಬೀಜ. ಐಪಿಎಸ್ ತನ್ನ ಸ್ಥಿತಿಯಲ್ಲಿ ನಿಂತಿರುವುದು ಮೀಡಿಯಂನ ಎಫ್‌ಜಿಎಫ್2 ಬಲದಿಂದ. ಆ ಪ್ರೋಟೀನು 37 ಡಿಗ್ರಿಯಲ್ಲಿ ಬಹಳ ಬೇಗ ಹಾಳಾಗುತ್ತದೆ. ಬಿಸಿ ಸಹಿಸುವ ಹಾಗೆ ತಿದ್ದಿದ ಎಫ್‌ಜಿಎಫ್2 ಇರುವ ಮೀಡಿಯಂ ಸಿಗುತ್ತದೆ, ನಿನ್ನದು ಅದಲ್ಲವಾದರೆ ಇಮ್ಮಡಿ ಸುರಿದರೂ ಶನಿವಾರದ್ದು ಸೋಮವಾರದ ತನಕ ಬಾಳುವುದಿಲ್ಲ. ಹುಳಿಯಾದ ಮೀಡಿಯಂನಲ್ಲಿ ಒತ್ತಾಗಿ ಕೂತ ಕೋಶಗಳು ಆಗಲೇ ಅತ್ತಿತ್ತ ವಾಲಿರುತ್ತವೆ. ನೀನು ಸೋಮವಾರ ಹೊರಡಿಸಿದೆ ಎಂದುಕೊಂಡದ್ದು. ಅವು ಭಾನುವಾರವೇ ಹೊರಟಿವೆ, ನಿನ್ನನ್ನು ಕೇಳದೆ.

ಎರಡು, ಒತ್ತು. ಮಧ್ಯದಲ್ಲಿ ಗುಪ್ಪೆ ಯಾಕೆ ಬಂತು ಗೊತ್ತಾ? ಬಿತ್ತಿದ ಮೇಲೆ ತಟ್ಟೆಯನ್ನು ವೃತ್ತಾಕಾರ ತಿರುಗಿಸಿದ್ದೀ. ಚಹಾ ಲೋಟ ತಿರುಗಿಸಿದರೆ ಚರಟ ನಡುವಿಗೆ ಬಂದು ಕೂರುವ ಹಾಗೆ ಕೋಶಗಳೂ ನಡುವಿಗೆ ಬರುತ್ತವೆ. ತಟ್ಟೆಯನ್ನು ಮೇಜಿನ ಮೇಲಿಟ್ಟು ಹಿಂದೆ ಮುಂದೆ, ಎಡಕ್ಕೆ ಬಲಕ್ಕೆ ಜಾರಿಸು, ತಿರುಗಿಸಬೇಡ. ಆಮೇಲೆ ಹತ್ತು ನಿಮಿಷ ಹೊರಗೆ ಅಲುಗಾಡಿಸದೆ ಬಿಟ್ಟು ಮತ್ತೆ ಇನ್‌ಕ್ಯುಬೇಟರಿಗೆ ಇಡು. ಚದರ ಸೆಂಟಿಮೀಟರಿಗೆ ಇಪ್ಪತ್ತು ಸಾವಿರದ ಆಸುಪಾಸಿನಿಂದ ಶುರು ಮಾಡು, ಅದರ ಅರ್ಧ ಮತ್ತು ಇಮ್ಮಡಿ ಪಕ್ಕದ ಬಾವಿಗಳಲ್ಲಿ. ದಯವಿಟ್ಟು ಎಣಿಸು.

ಒತ್ತಿಗೆ ಯಾಕೆ ಇಷ್ಟು ಬೆಲೆ ಎಂದರೆ, ಈ ಕೋಶ ಏನಾಗುತ್ತದೆ ಎಂಬುದನ್ನು ನಿರ್ಧರಿಸುವುದು ಮುಖ್ಯವಾಗಿ ವಿಂಟ್ ಮತ್ತು ಬಿಎಂಪಿ ಎಂಬ ಎರಡು ಸಂಕೇತಗಳ ಅಳತೆ. ವಿಂಟ್ ಸಾಲದಿದ್ದರೆ ಪ್ಯಾಕ್ಸ್6, ನಿನ್ನ ಹೂಗಳು. ಅತಿಯಾದರೆ ಸ್ನಾಯು ರಕ್ತದ ಕಡೆಯ ಮೀಸೋಡರ್ಮ್. ಬಿಎಂಪಿ ಕೂಡ ಹಾಗೆಯೇ: ಪೂರ್ತಿ ಇಲ್ಲವಾದರೆ ನರ, ಜೋರಾದರೆ ಚರ್ಮ, ನಡುವಿನ ಹದದಲ್ಲಿ ಮಾತ್ರ ಕ್ರೆಸ್ಟ್. ವಿಂಟ್ ನೀನು ಹಾಕುವ ಚಿರ್‌ನಿಂದ ಬರುತ್ತದೆ. ಬಿಎಂಪಿಯನ್ನು ನೀನು ಹಾಕುತ್ತಿಲ್ಲ, ಕೋಶಗಳು ತಾವೇ ಸೂಸುತ್ತವೆ. ಎಷ್ಟು ಎಂಬುದು ಒತ್ತಿನ ಮೇಲೆ, ಕೋಶದ ತಳಿಯ ಮೇಲೆ. ನಿನ್ನ ಪಾಕದ ಒಂದು ಸಾಮಾನು ನಿನ್ನ ಕೈಯಲ್ಲೇ ಇಲ್ಲ.

ಇದಕ್ಕೆ 2017ರಲ್ಲಿ ಒಂದು ಉಪಾಯ ಬಂತು. ಬಿಎಂಪಿಯನ್ನು ಹೊರಗಿನಿಂದ ಧಾರಾಳ ಹಾಕುವುದು, ಜೊತೆಗೇ ಅದನ್ನು ತಗ್ಗಿಸುವ ಡಿಎಂಎಚ್1 ಹಾಕುವುದು. ಹುಚ್ಚು ಅನಿಸಬಹುದು. ಆದರೆ ಹೊರಗಿನದ್ದು ತುಂಬಿ ತುಳುಕುವಾಗ ಕೋಶ ತಾನು ಸೂಸುವ ಸ್ವಲ್ಪದಿಂದ ವ್ಯತ್ಯಾಸ ಆಗುವುದಿಲ್ಲ, ಮಟ್ಟ ನಾವು ಹೇಳಿದಲ್ಲಿ ನಿಲ್ಲುತ್ತದೆ. ಮೊದಲು ಬೀಜ ಮತ್ತು ಒತ್ತು ಸರಿ ಮಾಡು. ಆಮೇಲೂ ಬಾವಿಯಿಂದ ಬಾವಿಗೆ ಬೇರೆ ಬಂದರೆ ಇದಕ್ಕೆ ಕೈ ಹಾಕು. ಚಿರ್ ಪ್ರಮಾಣ ಪ್ರಕಟವಾದ ವಿಧಾನಗಳಲ್ಲೇ 1ರಿಂದ 3 ಮೈಕ್ರೊಮೋಲಾರ್ ತನಕ ಉಂಟು. ನಿನ್ನ ತಳಿಗೆ ಯಾವುದು ಎಂದು ನೀನೇ ಅಳೆಯಬೇಕು.

ಬೊಂಡ

ನೋಡಿದಿರಾ, ಬೀಜ. ತೆಂಗಿನ ಸಸಿ ತರುವಾಗ ತಾಯಿ ಮರ ನೋಡದೆ ಗೊಬ್ಬರದ ಬಗ್ಗೆ ಕೇಳುವವರೇ ಎಲ್ಲ.

ಮಧೂರು ಸಿಸ್ಟರ್

ನಾನು ಮಕ್ಕಳ ಸರ್ಜರಿ ವಾರ್ಡಿನಲ್ಲಿ ಇದ್ದವಳು. ಕರುಳಿನ ನರಜಾಲ ಎಂದು ಮಾಷ್ಟ್ರು ಬರೆದದ್ದು ಓದಿ ಒಂದು ಮಾತು ಹೇಳಬೇಕು ಅನಿಸಿತು.

ಹುಟ್ಟಿದ ಮಗು ಮೊದಲ ಎರಡು ದಿನದೊಳಗೆ ಕಪ್ಪು ಮಲ ಹೋಗದಿದ್ದರೆ, ಹೊಟ್ಟೆ ಉಬ್ಬಿ ಹಸಿರು ವಾಂತಿ ಮಾಡಿದರೆ ನಮಗೆ ಮೊದಲು ಬರುವ ಸಂಶಯಗಳಲ್ಲಿ ಒಂದು ಹಿರ್ಷ್‌ಸ್ಪ್ರಂಗ್. ಸುಮಾರು 5000 ಹೆರಿಗೆಗೆ ಒಂದು. ಕುತ್ತಿಗೆಯ ಭಾಗದ ಹುಣಿಯಿಂದ ಹೊರಟ ಕೋಶಗಳು ಕರುಳಿನ ಉದ್ದಕ್ಕೂ ಕೊನೆಯವರೆಗೆ ನಡೆಯಬೇಕು. ದಾರಿಯಲ್ಲಿ ನಿಂತರೆ ಕೊನೆಯ ತುಂಡಿಗೆ ನರವೇ ಇಲ್ಲ, ಆ ತುಂಡು ಸಡಿಲವಾಗುವುದಿಲ್ಲ, ಮಲ ಮುಂದೆ ಹೋಗುವುದಿಲ್ಲ. ಆ ತುಂಡನ್ನು ತೆಗೆದು ಮೇಲಿನ ಒಳ್ಳೆಯ ಕರುಳನ್ನು ಕೆಳಗೆ ಎಳೆದು ಜೋಡಿಸುವುದು ಚಿಕಿತ್ಸೆ. ಹೆಚ್ಚಿನ ಮಕ್ಕಳು ಚೇತರಿಸಿಕೊಳ್ಳುತ್ತಾರೆ, ಆದರೆ ಮಲಬದ್ಧತೆಯೋ ಸೋರುವಿಕೆಯೋ ವರ್ಷಗಟ್ಟಲೆ ಕಾಡುವುದುಂಟು. ಪಿತ್ತ, ದೃಷ್ಟಿ ಎಂದು ಮನೆಯಲ್ಲಿ ನಾಲ್ಕು ದಿನ ಕಳೆದು ಬಂದ ಮಕ್ಕಳನ್ನು ನಾನು ನೋಡಿದ್ದೇನೆ. ಇದನ್ನು ಓದುವ ಅಜ್ಜಿಯರು ಯಾರಾದರೂ ಇದ್ದರೆ ಎರಡು ದಿನ ಎಂಬುದನ್ನು ಮಾತ್ರ ನೆನಪಿಡಿ.

ಈ ತಟ್ಟೆಯ ಕೋಶದಿಂದ ಅಂಥವರಿಗೆ ಏನಾದರೂ ಉಂಟಾ?

ಪಯಸ್ವಿನಿ

ಸಿಸ್ಟರ್, ದಾರಿ ಉಂಟು, ಊರು ಇನ್ನೂ ಬಂದಿಲ್ಲ. 2016ರಲ್ಲಿ ನ್ಯೂಯಾರ್ಕಿನ ಒಂದು ತಂಡ ಮನುಷ್ಯರ ಸ್ಟೆಮ್ ಸೆಲ್ಲಿನಿಂದ ಕರುಳಿನ ಕಡೆಗೆ ಹೋಗುವ ಕ್ರೆಸ್ಟ್ ಕೋಶ ಮಾಡಿತು. ಉಪಾಯ ರೆಟಿನೋಯಿಕ್ ಆಮ್ಲ, ವಿಟಮಿನ್ ಎ ಕುಟುಂಬದ್ದು. ಅದನ್ನು ಹಾಕದಿದ್ದರೆ ತಲೆಯ ಭಾಗದ ಕ್ರೆಸ್ಟ್ ಬರುತ್ತದೆ, ಹೊತ್ತು ನೋಡಿ ಹಾಕಿದರೆ ಕುತ್ತಿಗೆಯ ಭಾಗದ್ದು. ಹಿರ್ಷ್‌ಸ್ಪ್ರಂಗ್ ತರದ ತೊಂದರೆ ಇರುವ ಇಲಿಗಳ ಕರುಳಿಗೆ ಹಾಕಿದಾಗ ಆ ಕೋಶಗಳು ಉದ್ದಕ್ಕೂ ನಡೆದವು. ಮನುಷ್ಯರ ಚಿಕಿತ್ಸೆಗೆ ಇನ್ನೂ ಶಸ್ತ್ರಕ್ರಿಯೆಯೇ.

ಬದಿಯಡ್ಕ ಬಸ್ಸು, ಇದು ನಿನಗೂ ಬೇಕಾದ ಮಾತು. ಕ್ರೆಸ್ಟ್ ಎಂದರೆ ಒಂದೇ ಜಾತಿಯಲ್ಲ. ತಲೆಯದ್ದು ಎಲುಬು ಕಟ್ಟುತ್ತದೆ, ಮುಂಡದ್ದು ಸಹಜವಾಗಿ ಕಟ್ಟುವುದಿಲ್ಲ. ನಿನ್ನ ಪ್ರಾಜೆಕ್ಟಿಗೆ ಯಾವುದು ಬೇಕು ಎಂದು ಗೈಡನ್ನು ಕೇಳು. ಶರೀರದ ಯಾವ ಭಾಗ ಎಂದು ಗುರುತು ಹೇಳುವ ಹಾಕ್ಸ್ ಜೀನುಗಳನ್ನು ಪರೀಕ್ಷೆ ಮಾಡಿದರೆ ಬಂದದ್ದು ಯಾವ ಊರಿನದ್ದು ಎಂದು ತಿಳಿಯುತ್ತದೆ.

ಉಪ್ಪಳ ಗೇಟು

ನನ್ನ ಮಗಳಿಗೆ ಹನ್ನೊಂದು ವರ್ಷ. ಕಣ್ಣಿನ ಹತ್ತಿರ, ಕೈಗಳಲ್ಲಿ ಬಿಳಿ ಮಚ್ಚೆ. ಬಣ್ಣದ ಕೋಶವೂ ಇದರಿಂದಲೇ ಎಂದು ಬರೆದಿದ್ದೀರಿ. ಒಂದು ಕಡೆ ಸ್ಟೆಮ್ ಸೆಲ್ ಇಂಜೆಕ್ಷನ್ ಕೊಡುತ್ತೇವೆ, ಮುಂಗಡ ಕಟ್ಟಿ ಎಂದರು. ದೊಡ್ಡ ಮೊತ್ತ. ನಿಮ್ಮಲ್ಲಿ ಯಾರಾದರೂ ಹೇಳಿ, ಕಟ್ಟಲಾ?

ಪಯಸ್ವಿನಿ

ಕಟ್ಟಬೇಡಿ ಅಣ್ಣ. ಬೇರೆ ಏನನ್ನೂ ಓದದಿದ್ದರೂ ಇದನ್ನು ಓದಿ.

ನಮ್ಮ ದೇಶದಲ್ಲಿ ಐಸಿಎಂಆರ್ 2017ರ ಮಾರ್ಗಸೂಚಿ ಸ್ಪಷ್ಟವಾಗಿದೆ: ರಕ್ತದ ಕಾಯಿಲೆಗಳಿಗೆ ಅಸ್ಥಿಮಜ್ಜೆಯಂಥ ರಕ್ತ ಹುಟ್ಟಿಸುವ ಸ್ಟೆಮ್ ಸೆಲ್ ಕಸಿ ಬಿಟ್ಟರೆ, ಉಳಿದ ಸ್ಟೆಮ್ ಸೆಲ್ ಪ್ರಯೋಗ ಅನುಮತಿ ಪಡೆದ ಕ್ಲಿನಿಕಲ್ ಟ್ರಯಲ್ ಒಳಗೆ ಮಾತ್ರ. ಟ್ರಯಲ್‌ನಲ್ಲಿ ರೋಗಿಯಿಂದ ಚಿಕಿತ್ಸೆಗೆ ದುಡ್ಡು ಕೇಳುವ ಹಾಗಿಲ್ಲ. ಮುಂಗಡ ಕೇಳಿದರು ಎಂಬಲ್ಲಿಗೆ ಉತ್ತರ ಸಿಕ್ಕಿತು.

ಇನ್ನೊಂದು. ಹೆಚ್ಚಿನವರ ಬಿಳಿ ಮಚ್ಚೆಯಲ್ಲಿ ಬಣ್ಣದ ಕೋಶ ಬಂದಿರಲಿಲ್ಲ ಎಂಬುದಲ್ಲ, ಬಂದು ಕೂತದ್ದನ್ನು ಶರೀರದ ರಕ್ಷಣಾ ವ್ಯವಸ್ಥೆಯೇ ಹೊಡೆಯುತ್ತದೆ. ಹೊಡೆಯುವವ ಮನೆಯಲ್ಲೇ ಇರುವಾಗ ಹೊಸಬರನ್ನು ಕಳಿಸಿ ಏನು ಪ್ರಯೋಜನ? ಚರ್ಮದ ಡಾಕ್ಟರು ಕೊಡುವ ಮುಲಾಮು, ಅಲ್ಟ್ರಾವಯೊಲೆಟ್ ಬೆಳಕಿನ ಚಿಕಿತ್ಸೆ ಅದಕ್ಕೇ. ಮಚ್ಚೆ ಹರಡುವುದು ನಿಂತು ಸ್ಥಿರವಾದವರಿಗೆ ಅವರದ್ದೇ ಚರ್ಮದ ಬಣ್ಣದ ಕೋಶ ತೆಗೆದು ಕೂರಿಸುವ ಕ್ರಮವೂ ನಮ್ಮಲ್ಲಿ ಉಂಟು, ಅದು ಸ್ಟೆಮ್ ಸೆಲ್ ಇಂಜೆಕ್ಷನ್ ಅಲ್ಲ. ಮುಖದ ಮಚ್ಚೆಗೆ ಬಣ್ಣ ಮರಳುವ ಸಾಧ್ಯತೆ ಕೈಬೆರಳಿಗಿಂತ ಹೆಚ್ಚು. ಚರ್ಮದ ಡಾಕ್ಟರನ್ನೇ ನೋಡಿ.

ಪೆರ್ಲದ ಮಾಷ್ಟ್ರು

ಹುಟ್ಟಿನಿಂದಲೇ ಇರುವ ಬಿಳಿ ಬೇರೆ ಕಥೆ. ಹಣೆಯಲ್ಲಿ ಬಿಳಿ ಚುಕ್ಕೆ, ಹೊಟ್ಟೆ ಬಿಳಿ, ಕಾಲ್ತುದಿ ಬಿಳಿ ಇರುವ ಕಾಸರಗೋಡು ಗಿಡ್ಡ ದನ ನೋಡಿದ್ದೀರಲ್ಲ. ಬೆನ್ನು ಬಿಳಿಯಾಗದೆ ಹೊಟ್ಟೆಯೇ ಯಾಕೆ ಎಂದು ಮಕ್ಕಳು ಕೇಳುತ್ತಿದ್ದರು. ಬಣ್ಣದ ಕೋಶ ಹೊರಡುವುದು ಬೆನ್ನಿನಿಂದ. ದಾರಿಯಲ್ಲಿ ಹೆಚ್ಚುತ್ತಾ ಹೋಗಬೇಕು. ಸಂಖ್ಯೆ ಸಾಲದಿದ್ದರೆ ಖಾಲಿ ಉಳಿಯುವುದು ದೂರದ ಜಾಗ, ಅಂದರೆ ಹೊಟ್ಟೆ, ಹಣೆ, ಕಾಲ್ತುದಿ. ಕಾಲುವೆ ನೀರು ಕೊನೆಯ ಗದ್ದೆಗೆ ಮುಟ್ಟದ ಹಾಗೆ.

ಈ ನಡಿಗೆಯನ್ನು ಕಣ್ಣಿಗೆ ಕಾಣಿಸಿದವರು ಫ್ರಾನ್ಸಿನ ನಿಕೋಲ್ ಲೆ ದುವಾರಿನ್. 1969ರಲ್ಲಿ ಅವರು ಗಮನಿಸಿದ್ದು ಇಷ್ಟು: ಲಾವಕ್ಕಿಯ, ಇಲ್ಲಿ ಅಂಗಡಿಯಲ್ಲಿ ಕಾಡ ಮೊಟ್ಟೆ ಎಂದು ಮಾರುತ್ತಾರಲ್ಲ ಆ ಹಕ್ಕಿಯ ಕೋಶದ ನ್ಯೂಕ್ಲಿಯಸ್ಸಿನಲ್ಲಿ ಒಂದು ಗಟ್ಟಿ ಚುಕ್ಕೆ ಇರುತ್ತದೆ, ಕೋಳಿಯದ್ದರಲ್ಲಿ ಇರುವುದಿಲ್ಲ. ಲಾವಕ್ಕಿ ಭ್ರೂಣದ ಹುಣಿಯ ತುಂಡನ್ನು ಕೋಳಿ ಭ್ರೂಣಕ್ಕೆ ಕೂರಿಸಿ, ಆಮೇಲೆ ಚುಕ್ಕೆ ಇರುವ ಕೋಶ ಎಲ್ಲೆಲ್ಲಿ ಸಿಕ್ಕಿತು ಎಂದು ನೋಡುತ್ತಾ ಹೋದರು. ಬಿಳಿ ಕೋಳಿಮರಿಗೆ ಲಾವಕ್ಕಿಯ ಬಣ್ಣದ ರೆಕ್ಕೆಯ ಪಟ ನೋಡಿದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ.

ಅಡಿಕೆಸುಲಿ

ಇಷ್ಟು ದಿನ ಸುಮ್ಮನೆ ಓದಿದೆ. ಈಗ ಕೇಳುತ್ತೇನೆ, ಬೇಸರ ಮಾಡಬೇಡಿ. ನಾನು ಎಣ್ಮಕಜೆಯವ. ಗೇರು ತೋಟಗಳ ಮೇಲೆ ಹೆಲಿಕಾಪ್ಟರ್ ಬರುವಾಗ ಬಾವಿಗೆ ಮಡಲು ಮುಚ್ಚಿದ ಮನೆಯಲ್ಲಿ ಬೆಳೆದವ. ಇಪ್ಪತ್ತಕ್ಕೂ ಹೆಚ್ಚು ವರ್ಷ ಎಂಡೋಸಲ್ಫಾನ್ ಸಿಂಪಡಿಸಿದರು, 2000ದ ಹೊತ್ತಿಗೆ ನಿಂತಿತು, 2011ರಲ್ಲಿ ಸುಪ್ರೀಂ ಕೋರ್ಟು ದೇಶಕ್ಕೇ ನಿಲ್ಲಿಸಿತು. ಅಷ್ಟರಲ್ಲಿ ನಮ್ಮ ನೆರೆಕರೆಯಲ್ಲಿ ಎಂತೆಂಥ ಮಕ್ಕಳು ಹುಟ್ಟಿದವು ಎಂದು ಇಲ್ಲಿಯವರಿಗೆ ನಾನು ಹೇಳಬೇಕಾಗಿಲ್ಲ. ವಿಷಯ ಬಂದಾಗಲೆಲ್ಲ ಯಾರಾದರೊಬ್ಬರು ಕೋಟು ಹಾಕಿಕೊಂಡು ಬಂದು "ಸಂಬಂಧ ಸಾಬೀತಾಗಿಲ್ಲ" ಎನ್ನುತ್ತಿದ್ದರು. ಈ ತಟ್ಟೆಯಲ್ಲಿ ಮನುಷ್ಯರದ್ದೇ ಭ್ರೂಣದ ಕೋಶ ಇರುವುದಾದರೆ, ವಿಷವನ್ನು ಅದಕ್ಕೆ ಹಾಕಿ ನೋಡಲಿಕ್ಕೆ ಆಗುವುದಿಲ್ಲವಾ?

ಪಯಸ್ವಿನಿ

ಆಗುತ್ತದೆ, ಮಾಡುತ್ತಾರೆ ಕೂಡ. ಜರ್ಮನಿಯ ಕಾನ್‌ಸ್ಟಾನ್ಸ್‌ನ ಒಂದು ತಂಡ 2012ರಲ್ಲಿ ಇಂಥದ್ದೇ ಪರೀಕ್ಷೆ ಪ್ರಕಟಿಸಿತು. ಸ್ಟೆಮ್ ಸೆಲ್ಲಿನಿಂದ ಮಾಡಿದ ಕ್ರೆಸ್ಟ್ ಕೋಶಗಳನ್ನು ತಟ್ಟೆ ತುಂಬ ಬೆಳೆಸಿ, ಮಧ್ಯದಲ್ಲಿ ಒಂದು ಗೆರೆ ಗೀರಿ ಜಾಗ ಖಾಲಿ ಮಾಡುವುದು. ಎರಡು ದಿನದಲ್ಲಿ ಎಷ್ಟು ಕೋಶ ಆ ಖಾಲಿಗೆ ನಡೆದು ಬಂದವು ಎಂದು ಎಣಿಸುವುದು. ರಾಸಾಯನಿಕ ಹಾಕಿದಾಗ ಕೋಶ ಸಾಯದೆಯೂ ನಡಿಗೆ ನಿಂತರೆ ಅದು ಎಚ್ಚರಿಕೆ. ಇಲಿ ಮೊಲಗಳ ಮೇಲಿನ ಪರೀಕ್ಷೆಯಲ್ಲಿ ಸಿಗದೇ ಹೋಗಬಹುದಾದದ್ದು ಮನುಷ್ಯರ ಕೋಶದಲ್ಲಿ ಸಿಗಬಹುದು ಎಂಬುದು ಅದರ ಲಾಭ.

ಆದರೆ ನಿಮಗೆ ಆಸೆ ಹುಟ್ಟಿಸಿ ಮೋಸ ಮಾಡಲಾರೆ. ತಟ್ಟೆಯಲ್ಲಿ ತಾಯಿ ಇಲ್ಲದ ಭ್ರೂಣ ಅದು. ಮಾಸು ಇಲ್ಲ, ಲಿವರ್ ಇಲ್ಲ, ಬಾವಿ ನೀರಿನಿಂದ ರಕ್ತಕ್ಕೆ ಎಷ್ಟು ಬಂತು ಎಂಬ ಲೆಕ್ಕ ಇಲ್ಲ. ಒಂದು ರಾಸಾಯನಿಕ ಹೇಗೆ ಹಾನಿ ಮಾಡಬಲ್ಲದು ಎಂದು ತಟ್ಟೆ ಹೇಳೀತು. ನಿಮ್ಮ ನೆರೆಮನೆಯ ಮಗುವಿಗೆ ಆದದ್ದು ಅದರಿಂದಲೇ ಎಂದು ಹೇಳಲಾರದು. ತಟ್ಟೆಯಲ್ಲಿ ಏನೂ ಕಾಣಲಿಲ್ಲ ಎಂದರೆ ಹಾನಿಯೇ ಇಲ್ಲ ಎಂದೂ ಅಲ್ಲ, ಯಾಕೆಂದರೆ ಭ್ರೂಣದಲ್ಲಿ ಕ್ರೆಸ್ಟ್ ಒಂದೇ ಇರುವುದಲ್ಲ. ಕೋಟು ಹಾಕಿದವರು ಬಂದಾಗ ಈ ಕೊನೆಯ ವಾಕ್ಯ ನೆನಪಿಡಿ.

ಒಂದು ಉದಾಹರಣೆ ಮಾತ್ರ ಖಚಿತವಾದ್ದು. ಮೊಡವೆಗೆ ಕೊಡುವ ಐಸೊಟ್ರೆಟಿನೋಯಿನ್ ಮಾತ್ರೆ. ಬಸುರಿಯರು ನುಂಗಿದರೆ ಮಗುವಿನ ಕಿವಿ, ಮುಖ, ಹೃದಯ ಕೆಡುತ್ತವೆ. ಮೂರೂ ಕ್ರೆಸ್ಟ್ ಮುಟ್ಟುವ ಜಾಗ. ಅದು ನಾವು ಕರುಳಿನ ಕ್ರೆಸ್ಟಿಗೆ ಹಾಕುವ ರೆಟಿನೋಯಿಕ್ ಆಮ್ಲದ ಒಡಹುಟ್ಟು. ಹೊತ್ತು ಮತ್ತು ಅಳತೆಯೇ ಎಲ್ಲ.

ಅಡಿಕೆಸುಲಿ

ಸರಿ. ಇಷ್ಟು ನೇರ ಹೇಳಿದ್ದಕ್ಕೆ ಉಪಕಾರ.

ಬದಿಯಡ್ಕ ಬಸ್ಸು (ಐದು ವಾರದ ನಂತರ)

ಬದುಕಿದ್ದೇನೆ. ಮಳೆಗೆ ಎರಡು ಸಲ ರೈಲು ತಡವಾಯಿತು, ಅಷ್ಟೇ.

ಮಾಡಿದ್ದು ಇಷ್ಟು. ಇನ್ನೊಬ್ಬ ವಿದ್ಯಾರ್ಥಿಯ ಜೊತೆ ಭಾನುವಾರದ ಪಾಳಿ ಹಂಚಿಕೊಂಡೆ. ಬಿತ್ತುವುದನ್ನು ಗುರುವಾರಕ್ಕೆ ಹಾಕಿದೆ, ಆಗ ಬೀಜದ ಕೋಶಕ್ಕೆ ಸತತ ಮೂರು ದಿನ ನನ್ನ ಕೈಯ ಊಟ ಬಿದ್ದಿರುತ್ತದೆ. ಕಾಲನಿ ಅಂಚಿಗೆ ಅಂಚು ತಾಗುವ ಮೊದಲೇ ಬಿಡಿಸಿದೆ. ಕಲ್ಚರಿಗೆ ಕಾಣದೆ ಸೇರಿಕೊಳ್ಳುವ ಬ್ಯಾಕ್ಟೀರಿಯಾ ಮೈಕೊಪ್ಲಾಸ್ಮಾ ಉಂಟಾ ಎಂದು ಪಿಸಿಆರ್ ಮಾಡಿಸಿದೆ, ಇಲ್ಲ ಎಂದು ಬಂತು. ಎಣಿಸಿ ಬಿತ್ತಿದೆ, ಮೂರು ಒತ್ತು, ಮೂರು ಚಿರ್ ಪ್ರಮಾಣ, ಒಟ್ಟು ಒಂಬತ್ತು ಬಾವಿ. ತಿರುಗಿಸಲಿಲ್ಲ! ಕೈ ಅಭ್ಯಾಸಬಲದಿಂದ ತಿರುಗಿಸಲು ಹೋಗುತ್ತದೆ, ಎಡಗೈಯಿಂದ ಹಿಡಿದುಕೊಳ್ಳಬೇಕಾಯಿತು.

ಅತಿ ಒತ್ತಿನ ಮೂರರಲ್ಲೂ ಮತ್ತೆ ಹೂ. ನಡುವಿನ ಒತ್ತು, ಹೆಚ್ಚಿನ ಚಿರ್ ಇದ್ದ ಬಾವಿಯಲ್ಲಿ ಆರನೇ ದಿನ ಕೋಶಗಳು ಗುಂಪು ಬಿಟ್ಟು ಚದುರಿದವು. ಒಂದೊಂದೂ ನಕ್ಷತ್ರದ ಹಾಗೆ ಕೈಕಾಲು ಚಾಚಿ. ಸಾಕ್ಸ್10 ಬಣ್ಣ ಹಾಕಿದರೆ ಬಾವಿಯ ಉದ್ದಕ್ಕೂ ಹೊಳೆಯಿತು. ಗೈಡ್ ನೋಡಿ "ಹ್ಮ್" ಅಂದರು. ಅದು ಅವರ ಬಾಯಿಂದ ಬರುವ ಅತಿ ದೊಡ್ಡ ಹೊಗಳಿಕೆ.

ಆದರೆ ಈಗ ಹೊಸ ತಲೆಬಿಸಿ. ಬೆಳೆಸಲು ಹೊರಟೆ, ಎಫ್‌ಜಿಎಫ್2, ಇಜಿಎಫ್ ಹಾಕಿ. ನಾಲ್ಕೈದು ಸಲ ಬಿಡಿಸಿ ಬಿತ್ತುವಷ್ಟರಲ್ಲಿ ಕೋಶ ಚಪ್ಪಟೆಯಾಗಿ ಅಗಲವಾಗುತ್ತವೆ, ಸಾಕ್ಸ್10 ಮಾಯ.

ಪಯಸ್ವಿನಿ

ಸಂತೋಷ. ಚಪ್ಪಟೆಯಾಗುವುದು ಎಲ್ಲರಿಗೂ ಆಗುವುದೇ. ಹೊರಟು ನಿಂತವರನ್ನು ಹುಣಿಯಲ್ಲೇ ಕೂರಿಸಿಡುವುದು ಕಷ್ಟ, ಅವು ಎಲುಬು ಕೊಬ್ಬಿನ ಕಡೆಯ ಮೀಸೆಂಕೈಮ್‌ಗೆ ಜಾರುತ್ತವೆ. ಸೀರಂ, ಅಂದರೆ ರಕ್ತದ ತಿಳಿ, ಒಂದು ಹನಿ ಮುಟ್ಟಿದರೂ ಬೇಗ ಜಾರುತ್ತವೆ. ಬಿಡಿಸಿದ ಮೇಲೆ ಕಿಣ್ವ ನಿಲ್ಲಿಸಲು ಸೀರಂ ಇರುವ ಮೀಡಿಯಂ ಹಾಕುತ್ತಿದ್ದೀಯಾದರೆ ಇವತ್ತೇ ನಿಲ್ಲಿಸು. ಬೆಳೆಸುವಾಗಲೂ ಎಸ್‌ಬಿ ಇರಲಿ, ಜೊತೆಗೆ ಚಿರ್ ಸೇರಿಸಿದರೆ ಇನ್ನೂ ಹೆಚ್ಚು ಕಾಲ ನಿಲ್ಲುತ್ತವೆ. ಅಂಟದ ತಟ್ಟೆಯಲ್ಲಿ ಉಂಡೆ ಕಟ್ಟಿಸಿ ಬೆಳೆಸುವ ಕ್ರಮವೂ ಉಂಟು.

ಸಾಕ್ಸ್10 ನ್ಯೂಕ್ಲಿಯಸ್ ಒಳಗಿನದ್ದು, ಜೀವಂತ ಕೋಶದಲ್ಲಿ ಅದನ್ನು ನೋಡಿ ಆರಿಸಲಾಗದು. ಹೊರಮೈಯಲ್ಲಿರುವ ಕ್ರೆಸ್ಟಿನ ಗುರುತುಗಳಾದ ಪಿ75 ಮತ್ತು ಎಚ್‌ಎನ್‌ಕೆ1 ಎರಡೂ ಇರುವವನ್ನು ಫ್ಲೋ ಸೈಟೊಮೀಟರಿನಲ್ಲಿ ಆರಿಸಿಕೋ, 2007ರ ಮೊದಲ ವಿಧಾನದಿಂದಲೂ ಅದೇ ಕ್ರಮ. ನನ್ನ ಮಟ್ಟಿಗೆ ಹೇಳುವುದಾದರೆ ಇವನ್ನು ಹತ್ತು ಇಪ್ಪತ್ತು ಸಲ ಬೆಳೆಸುವ ಹಟ ಬಿಡು. ಮಾಡಲಿಕ್ಕೆ ಒಂದು ವಾರ ಸಾಕಾಗುವ ಕೋಶಕ್ಕೆ ಅಷ್ಟು ಗೋಗರೆಯುವುದು ಯಾಕೆ? ಒಳ್ಳೆಯ ಬೀಜ ಇಟ್ಟುಕೋ, ಬೇಕಾದಾಗ ಹೊಸದಾಗಿ ಮಾಡು, ಮೊದಲ ಎರಡು ಸಲದೊಳಗಿನವನ್ನು ಫ್ರೀಜ್ ಮಾಡು. ನೂರರಲ್ಲಿ ಹತ್ತು ಪಾಲು ಡಿಎಂಎಸ್‌ಒ, ನಿಮಿಷಕ್ಕೆ ಒಂದು ಡಿಗ್ರಿ ಇಳಿಯಲಿ, ಮರುದಿನ ದ್ರವ ನೈಟ್ರೋಜನ್.

ಬದಿಯಡ್ಕ ಬಸ್ಸು

ಸೀರಂ ಹಾಕುತ್ತಿದ್ದೆ ಅಕ್ಕಾ. ಕಿಣ್ವ ನಿಲ್ಲಿಸಲು. ಪ್ರೋಟೊಕಾಲ್ ಪ್ರಿಂಟಿನಲ್ಲಿ ಹಿಂದಿನವರು ಪೆನ್ಸಿಲಿನಲ್ಲಿ ಬರೆದಿಟ್ಟದ್ದನ್ನು ನೋಡಿ.

ಬೊಂಡ

ಪೆನ್ಸಿಲ್ ಬರಹ ನಂಬಿ ಕೆಟ್ಟವರ ಸಂಘಕ್ಕೆ ಸ್ವಾಗತ. ನಾನು ಹಳೆಯ ಸದಸ್ಯ.

ಉಪ್ಪಳ ಗೇಟು

ದುಡ್ಡು ಕಟ್ಟಲಿಲ್ಲ. ಚರ್ಮದ ಡಾಕ್ಟರಲ್ಲಿಗೆ ಹೋಗುತ್ತಿದ್ದೇವೆ, ವಾರಕ್ಕೆ ಎರಡು ಸಲ ಬೆಳಕು ಕೊಡುತ್ತಾರೆ. ಕಣ್ಣಿನ ಹತ್ತಿರದ್ದರಲ್ಲಿ ಎಳ್ಳಿನಷ್ಟು ಕಂದು ಚುಕ್ಕೆ ಎರಡು ಬಂದಿವೆ. ಕೈಯಲ್ಲಿ ಏನಿಲ್ಲ.

ಬದಿಯಡ್ಕ ಬಸ್ಸು

ಎಳ್ಳಿನಷ್ಟು ಚುಕ್ಕೆ ಎಂದರೆ ಕೂದಲ ಬುಡದಲ್ಲಿ ಅಡಗಿ ಉಳಿದ ಬಣ್ಣದ ಕೋಶ ಹೊರಗೆ ಬರುತ್ತಿದೆ ಎಂದು ಓದಿದ್ದೇನೆ ಅಣ್ಣ, ಒಳ್ಳೆಯ ಲಕ್ಷಣ. ಡಾಕ್ಟರಿಗೂ ತೋರಿಸಿ.

ಇವತ್ತು ಹನ್ನೆರಡು ವೈಯಲ್ ನೈಟ್ರೋಜನ್ನಿಗೆ ಇಳಿಸಿದೆ. ಮುಂದಿನ ಗುರುವಾರ ಒಂದನ್ನು ಎಬ್ಬಿಸಿ ನೋಡುತ್ತೇನೆ. ಅಡಿಕೆಸುಲಿ ಅಣ್ಣಾ, ಗೆರೆ ಗೀರಿ ನೋಡುವ ಆ ಪರೀಕ್ಷೆಯ ಬಗ್ಗೆ ಗೈಡನ್ನು ಕೇಳಿದೆ. ಔಷಧಿ ಏನೂ ಹಾಕದೆ, ಬರೀ ನಡಿಗೆ ನೋಡಲಿಕ್ಕೆ ಎರಡು ವೈಯಲ್ ತೆಗೆದುಕೋ ಎಂದಿದ್ದಾರೆ.